ಒಂದೇ ತಂತಿ, ಎರಡು ಮಾತು

ಇಂಟರ್‌ನೆಟ್ ಎಂದರೆ ಗಾಳಿಯಲ್ಲಿ ಹಾರಿಬರುವ ವಸ್ತು ಎಂದೇ ಇಂದಿನ ಮಕ್ಕಳು ತಿಳಿದಿದ್ದಾರೆ. ಕೊಡಗಿನ ಹಳ್ಳಿಮನೆಗಳಿಗೆ ಅದು ಮೊದಲು ಬಂದದ್ದು ಕಂಬದಿಂದ ಕಂಬಕ್ಕೆ ಜೋತಾಡುತ್ತಿದ್ದ ಟೆಲಿಫೋನ್ ತಂತಿಯಲ್ಲಿ. ಅದಕ್ಕೆಂದು ಯಾರೂ ಹೊಸ ತಂತಿ ಎಳೆಯಲಿಲ್ಲ. ಮನೆಯವರ ಮಾತಿಗಾಗಿ ಎಂದೋ ಎಳೆದಿದ್ದ ಒಂದು ಜೋಡಿ ತಾಮ್ರದ ಎಳೆಯ ಮೇಲೆ ಎರಡನೆಯ ಹಕ್ಕುದಾರನಾಗಿ ಮೋಡೆಮ್ ಎಂಬ ಪೆಟ್ಟಿಗೆ ಬಂದು ಕುಳಿತಿತು. ಒಂದೇ ಆಸ್ತಿಗೆ ಇಬ್ಬರು ವಾರಸುದಾರರಾದರೆ ಮನೆಯಲ್ಲಿ ಏನಾಗುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ವ್ಯಾಜ್ಯ ಹೇಗೆ ಹುಟ್ಟಿತು, ಹೇಗೆ ತೀರಿತು, ತೀರಿದ ಮೇಲೆ ಆ ಆಸ್ತಿಯೇ ಏನಾಯಿತು ಎಂಬುದನ್ನು ಬರೆದಿಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ತಂತ್ರಜ್ಞಾನದ ಚರಿತ್ರೆ ಬರೆಯುವವರು ಬೆಂಗಳೂರಿನ ಗಾಜಿನ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ಗೋಡೆಯ ಮೂಲೆಯಲ್ಲಿ ಇರುವೆ ಗೂಡು ಕಟ್ಟಿದ ಫೋನಿನ ಡಬ್ಬಿಯ ಬಗ್ಗೆ ಬರೆಯುವವರು ಕಡಿಮೆ.

ನಾಪೋಕ್ಲುವಿನಿಂದ ಎಮ್ಮೆಮಾಡಿನ ಕಡೆಗೆ ಹೋಗುವ ದಿಕ್ಕಿನಲ್ಲಿ, ರಸ್ತೆಯಿಂದ ಒಳಗೆ, ಕಾಫಿ ತೋಟದ ನಡುವೆ ನಮ್ಮ ಮನೆ. ಎಕ್ಸ್‌ಚೇಂಜ್‌ನಿಂದ ಸುಮಾರು 3 ಕಿಲೋಮೀಟರ್ ದೂರ. ಈ ದೂರದ ಲೆಕ್ಕ ಮುಂದೆ ಬರುತ್ತದೆ. ಫೋನು ಬಂದದ್ದು 1996ರಲ್ಲಿ, ಅರ್ಜಿ ಹಾಕಿ ಬಹಳ ಕಾಲ ಕಾದ ಮೇಲೆ. ಹಾಗೆ ಕಾಯುವುದು ಆಗ ದೇಶದ ಎಲ್ಲರ ಪಾಡು. ಹಳ್ಳಿಗೂ ಫೋನು ಬರಬಹುದು ಎಂಬ ನಂಬಿಕೆ ಹುಟ್ಟಿದ್ದೇ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳಿಂದ. ಹವಾನಿಯಂತ್ರಣದ ಕೋಣೆ ಬೇಡದ, ಧೂಳು ಸೆಖೆಗಳನ್ನು ತಡೆದುಕೊಳ್ಳುವ 128 ಲೈನುಗಳ ಆ ಯಂತ್ರವನ್ನು ಮೊದಲು ಕೂರಿಸಿದ್ದು ನಮ್ಮದೇ ರಾಜ್ಯದಲ್ಲಿ, 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕನ್ನಡದ ಶಾಲಾ ಪಠ್ಯಗಳಲ್ಲಿ ಕಿತ್ತೂರಿನ ಈ ಎರಡನೆಯ ಹೆಸರುವಾಸಿಗೆ ಒಂದು ಸಾಲಾದರೂ ಸಿಗಬೇಕಿತ್ತು.

ನಮ್ಮಲ್ಲಿ ಫೋನೆಂದರೆ ಗಲ್ಫ್. ಇಕ್ಕ ಜಿದ್ದಾದಲ್ಲಿದ್ದ. ಅಲ್ಲಿ ಜುಮಾ ನಮಾಝ್ ಮುಗಿದು ಅವನು ಬೂತಿನ ಸರದಿಯಲ್ಲಿ ನಿಂತು ಕರೆ ಮಾಡುವ ಹೊತ್ತಿಗೆ ಇಲ್ಲಿ ಅಸ್ರ್ ಹತ್ತಿರವಾಗಿರುತ್ತಿತ್ತು. ಅವನಿಗೂ ನಮಗೂ ಎರಡೂವರೆ ತಾಸಿನ ಅಂತರ. ಶುಕ್ರವಾರ ಮೂರೂವರೆಯಿಂದ ಐದರವರೆಗೆ ಉಮ್ಮ ಫೋನಿನ ಮೇಜಿನಿಂದ ಕದಲುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದಾಗ ರಿಂಗ್ ತಪ್ಪಬಾರದೆಂದು ಒಳಗಿನ ಕೋಣೆಗೆ ಒಂದು ಪ್ಯಾರಲಲ್ ಫೋನು, ಆಮೇಲೆ ಹಿಂದಿನ ಜಗಲಿಗೆ ಮತ್ತೊಂದು. ಹೀಗೆ ಮನೆಯೊಳಗೇ ತಂತಿ ಮೂರು ದಿಕ್ಕಿಗೆ ಕವಲೊಡೆಯಿತು. ಆ ಕಾಲದ ಎಲ್ಲ ಮನೆಗಳಲ್ಲೂ ಹಾಗೆಯೇ. ಸಿಪ್ಪೆ ಸುಲಿದು, ಎರಡು ಎಳೆ ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿದರೆ ಕೆಲಸ ಮುಗಿಯಿತು. ಮಾತು ಕೇಳುತ್ತಿತ್ತಲ್ಲ, ಇನ್ನೇನು ಬೇಕು?

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ ದೇಶದ ಕೆಲವು ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. 1998ರ ನೀತಿಯಿಂದ ಬೇರೆಯವರಿಗೂ ಅವಕಾಶವಾಯಿತು. 2000ದ ಅಕ್ಟೋಬರಿನಲ್ಲಿ ದೂರವಾಣಿ ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಎಂಬ ಕಂಪೆನಿಯಾದವು, ಸಂಚಾರ್‌ನೆಟ್ ಎಂಬ ಕಾರ್ಡುಗಳು ಬಂದವು. ಮೈಸೂರಿನಲ್ಲಿ ಓದುತ್ತಿದ್ದ ತಮ್ಮ 2001ರಲ್ಲಿ ಒಂದು ಹಳೆಯ ಕಂಪ್ಯೂಟರನ್ನೂ ಅದರೊಳಗಿನ ಮೋಡೆಮನ್ನೂ ಅಂಥದ್ದೊಂದು ಕಾರ್ಡನ್ನೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ. ಫೋನಿನ ತಂತಿ ಕಿತ್ತು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ. ಕೀರಲು, ಗುಂಯ್‌ಗುಡುವಿಕೆ, ಖರಖರ, ಮತ್ತೆ ಕೀರಲು. ಉಮ್ಮ ಒಳಗಿನಿಂದ ಓಡಿ ಬಂದರು. "ಫೋನಿನ ಕತ್ತು ಹಿಸುಕುತ್ತಿದ್ದೀಯಲ್ಲೋ, ಬಿಡು ಅದನ್ನು!"

ಅವರು ಹೇಳಿದ್ದು ತಮಾಷೆಗಲ್ಲ, ಹೆಚ್ಚೂಕಡಿಮೆ ನಿಜವೂ ಹೌದು. ಮನುಷ್ಯನ ಮಾತಿಗೆಂದು ಟೆಲಿಫೋನ್ ವ್ಯವಸ್ಥೆ ಬಿಟ್ಟಿದ್ದ ಜಾಗ ಬಹಳ ಕಿರಿದು, ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ. ಡಯಲ್‌ಅಪ್ ಮೋಡೆಮ್ ಆ ಕಿರಿದಾದ ಓಣಿಯಲ್ಲೇ ನುಗ್ಗುತ್ತಿತ್ತು. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ದನಿಯಾಗಿ ಮಾಡಿ, ಮಾತಿನ ವೇಷ ತೊಡಿಸಿ, ಎಕ್ಸ್‌ಚೇಂಜನ್ನು ದಾಟಿಸುತ್ತಿತ್ತು. ಹಾಗಾಗಿ ಅದು ಮಾತಾಡುತ್ತಿರುವಾಗ ಮನುಷ್ಯರು ಮಾತಾಡುವಂತಿಲ್ಲ. ಹೊರಗಿನಿಂದ ಕರೆ ಮಾಡಿದವರಿಗೆ ಎಂಗೇಜ್ ಟೋನ್. ಒಳಗಿನವರು ಪ್ಯಾರಲಲ್ ಫೋನು ಎತ್ತಿದರೆ ಕಿವಿಗೆ ಖರ್ರೆಂಬ ಸದ್ದು, ನೆಟ್ಟೂ ಕಡಿತ. ಡಬ್ಬಿಯ ಮೇಲೆ 56 ಕೆ ಎಂದು ಬರೆದಿದ್ದರೂ ನಮ್ಮ ತಂತಿಯಲ್ಲಿ 28.8 ಸಿಕ್ಕಿದರೆ ಆ ದಿನ ಒಳ್ಳೆಯ ದಿನ. ಆ ವೇಗದಲ್ಲಿ ಒಂದು ಎಂಬಿಯ ಚಿತ್ರ ಇಳಿಯಲು ಸುಮಾರು ಐದು ನಿಮಿಷ. ಅದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುವುದನ್ನು ಇಡೀ ಮನೆ ನಿಂತು ನೋಡಿದ್ದುಂಟು.

ಇಷ್ಟು ಕಷ್ಟಪಟ್ಟು ನೋಡಬೇಕಾದದ್ದೇನಿತ್ತು? ಇತ್ತು. 2001ರ ಸುಮಾರಿಗೆ ಕಾಫಿಯ ಬೆಲೆ ಪಾತಾಳಕ್ಕಿಳಿದಿತ್ತು. ಕೊಡಗಿನ ಬೆಳೆಗಾರರಿಗೆ ಆ ವರ್ಷಗಳನ್ನು ನೆನಪಿಸಬೇಕಾಗಿಲ್ಲ. ಅಂಗಳಕ್ಕೆ ಬರುವ ವ್ಯಾಪಾರಿ 50 ಕೆಜಿ ಚೆರಿಯ ಚೀಲಕ್ಕೆ ಇಷ್ಟು ಎನ್ನುತ್ತಿದ್ದ, ಯಾಕೆ ಇಷ್ಟು ಎಂದರೆ "ಲಂಡನ್ ಬಿದ್ದಿದೆ" ಎನ್ನುತ್ತಿದ್ದ. ರೋಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್. ಬಿದ್ದದ್ದು ಎಷ್ಟು, ನಿನ್ನೆ ಎದ್ದದ್ದು ಎಷ್ಟು ಎಂದು ಕೇಳುವ ದಾರಿ ನಮಗಿರಲಿಲ್ಲ. ಉಪ್ಪ ಓದು ಬರಹ ಹೆಚ್ಚು ಕಲಿತವರಲ್ಲ. ಆದರೆ ಲಂಡನ್ನಿನ ಆ ಅಂಕಿ ಕಂಪ್ಯೂಟರಿನಲ್ಲಿ ಸಿಗುತ್ತದೆ ಎಂದು ತಿಳಿದ ಮೇಲೆ ದಿನಾ ಮಧ್ಯಾಹ್ನ ಅದನ್ನೊಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳತೊಡಗಿದರು. ಅದರಿಂದ ಬೆಲೆ ಏರಲಿಲ್ಲ. ಚೌಕಾಸಿಯಲ್ಲಿ ಅವರ ದನಿ ಏರಿತು. ಅಷ್ಟೂ ಕಡಿಮೆಯೇನಲ್ಲ.

ಲಂಡನ್ನಿನ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನಕ್ಕೆ. ಹೀಗಾಗಿ ಶುಕ್ರವಾರ ಸಂಜೆಯಾಗುತ್ತಿದ್ದಂತೆ ಜಿದ್ದಾವೂ ಲಂಡನ್ನೂ ಒಂದೇ ತಂತಿಯ ಬಾಯಲ್ಲಿ ಬಂದು ನಿಲ್ಲುತ್ತಿದ್ದವು. ಜಗಳ ಹೆಚ್ಚು ದಿನ ನಡೆಯಲಿಲ್ಲ. ಕಾಲ್ ವೇಟಿಂಗ್ ಸೌಲಭ್ಯ ಹಾಕಿಸಿದೆವು. ಬೇರೆಯವರ ಮನೆಗಳಲ್ಲಿ ನೆಟ್ ಬಳಸುವವರು ಅದನ್ನು ತೆಗೆಸುತ್ತಿದ್ದರು, ಏಕೆಂದರೆ ಕರೆ ಬಂದಾಗ ಅದು ಹೊಡೆಯುವ ಸಣ್ಣ ಟಿಂಕ್ ಸದ್ದಿಗೆ ಮೋಡೆಮ್ ಗಲಿಬಿಲಿಗೊಂಡು ಕೈಬಿಡುತ್ತಿತ್ತು. ನಾವು ಹಾಕಿಸಿದ್ದೇ ಅದಕ್ಕಾಗಿ. ಇಕ್ಕನ ಕರೆ ಬಂದರೆ ನೆಟ್ ತಾನಾಗಿ ಬಿದ್ದುಹೋಗಿ ಫೋನು ರಿಂಗಾಗಬೇಕು. ನಮ್ಮ ಮನೆಯ ಮೊದಲ ಕಂಪ್ಯೂಟರ್ ಕಾನೂನು ಅದು, ಬರೆದದ್ದು ಉಮ್ಮ.

ಇನ್ನೊಂದು ಕಾನೂನು ವರ್ಷಕ್ಕೊಂದು ಸಲ ಜಾರಿಗೆ ಬರುತ್ತಿತ್ತು. ರಮಝಾನಿನ 29ನೆಯ ಸಂಜೆ ಇಫ್ತಾರ್ ಮುಗಿದ ಕೂಡಲೇ ಊರಿನ ಫೋನುಗಳೆಲ್ಲ ಎದ್ದು ಕೂರುತ್ತಿದ್ದವು. ಕಲ್ಲಿಕೋಟೆಯ ಆಚೆಯ ಕಾಪ್ಪಾಡ್ ಕಡಲ ತೀರದಲ್ಲಿ ಚಂದ್ರ ಕಂಡಿತೇ? ಮಂಗಳೂರಿನಲ್ಲಿ ಏನು ಹೇಳುತ್ತಾರೆ? ಮಳೆಮೋಡದ ಕೊಡಗಿನಲ್ಲಿ ಆಕಾಶ ನೋಡಿ ತೀರ್ಮಾನಿಸುವುದು ಆಗದ ಮಾತು. ಸುದ್ದಿ ತಂತಿಯಲ್ಲೇ ಬರಬೇಕು. ನಾಳೆ ಹಬ್ಬವೇ, ಇನ್ನೊಂದು ಉಪವಾಸವೇ ಎಂಬುದು ಗೊತ್ತಾಗದೆ ಅಕ್ಕಿ ನೆನೆಹಾಕುವಂತಿಲ್ಲ, ಮಾಂಸ ಹೇಳುವಂತಿಲ್ಲ, ಮೈಲಾಂಚಿ ಅರೆಯುವಂತಿಲ್ಲ. ಆ ಸಂಜೆ ಉಮ್ಮ ಮೋಡೆಮಿನ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು. ಮರುದಿನ ಪೆರ್ನಾಳ್ ನಮಾಝ್ ಆದ ಮೇಲೆ ಅದು ತಮ್ಮನಿಗೆ ವಾಪಸು, ಪೆರ್ನಾಳಿನ ದುಡ್ಡಿನ ಜೊತೆಗೆ.

ವ್ಯಾಜ್ಯ ಇತ್ಯರ್ಥವಾದದ್ದು ಬ್ರಾಡ್‌ಬ್ಯಾಂಡ್ ಬಂದಾಗ. 2004ರ ಕೊನೆಯಲ್ಲಿ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಹೊರಬಿತ್ತು. 256 ಕಿಲೋಬಿಟ್‌ಗೆ ಕಡಿಮೆಯಿಲ್ಲದ, ಸದಾ ತೆರೆದಿರುವ ಸಂಪರ್ಕಕ್ಕೆ ಆ ಹೆಸರು ಎಂದು ಅದು ಹೇಳಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಶುರುವಾಯಿತು. ನಮ್ಮ ಮನೆ ಬಾಗಿಲಿಗೆ ಅದು ಬಂದು ಮುಟ್ಟಿದ್ದು 2007ರ ಮಳೆಗಾಲ ಕಳೆದ ಮೇಲೆ. ಮೋಡೆಮ್ ಡಬ್ಬಿಯ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿಯ ವಸ್ತುವೊಂದಿತ್ತು. ಒಂದು ಬದಿಯಲ್ಲಿ ಒಂದು ತೂತು, ಇನ್ನೊಂದು ಬದಿಯಲ್ಲಿ ಎರಡು. ಅದೇ ಸ್ಪ್ಲಿಟರ್. ಇಡೀ ಸಂಗತಿಯ ನಾಯಕ ಅದು. ಮಿಣುಕುವ ದೀಪಗಳಿರುವ ಕಾರಣ ಹೆಸರೆಲ್ಲ ಮೋಡೆಮಿಗೆ ಹೋಯಿತು.

ಅದನ್ನು ಹಾಕಲು ಬಂದವರು ಲೈನ್‌ಮನ್ ಅಣ್ಣ. ನಿವೃತ್ತಿಗೆ ನಾಲ್ಕೈದು ವರ್ಷವಿದ್ದವರು. ಸೊಂಟದಲ್ಲಿ ಪರೀಕ್ಷೆಯ ಫೋನು, ಹೆಗಲಲ್ಲಿ ತಂತಿಯ ಸುರುಳಿ. ಇಂಗ್ಲಿಷಿನ ಕೈಪಿಡಿಯನ್ನು ಅವರು ಬಿಡಿಸಿಯೂ ನೋಡಲಿಲ್ಲ. ಮೋಡೆಮಿನ ಡಬ್ಬಿಯನ್ನೂ ಮುಟ್ಟಲಿಲ್ಲ. "ಮೊದಲು ಮನೆ ನೋಡುವ" ಎಂದರು. ಹೊರಗಿನ ಗೋಡೆಯಲ್ಲಿ ತಂತಿ ಒಳಬರುವ ಜಾಗದಿಂದ ಹಿಡಿದು ಹಿಂದಿನ ಜಗಲಿಯವರೆಗೆ ಬೆರಳಿನಿಂದ ತಂತಿಯನ್ನು ಸವರುತ್ತ ನಡೆದರು, ನಾಡಿ ನೋಡುವ ಹಕೀಮರ ಹಾಗೆ. ಅಟ್ಟದ ಮೇಲೊಂದು ಜಾಯಿಂಟು, ಹಸಿರು ಕಿಲುಬು ಹಿಡಿದಿತ್ತು. ನಡುಕೋಣೆಯ ಡಬ್ಬಿ ತೆರೆದರೆ ಇರುವೆಗಳು ಮೊಟ್ಟೆ ಹೊತ್ತು ನಾಲ್ಕು ದಿಕ್ಕಿಗೆ ಓಡಿದವು. ಇನ್ನೊಂದರಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ. ಒಟ್ಟು ಏಳು ಜಾಯಿಂಟು. "ಮಾತಿಗೆ ಇದೆಲ್ಲ ನಡೆಯುತ್ತದೆ ಉಮ್ಮ. ಮಾತು ಸ್ವಲ್ಪ ಮುರಿದರೂ ನಾವು ಅಂದಾಜಿನಲ್ಲಿ ಕೂಡಿಸಿಕೊಳ್ಳುತ್ತೇವೆ. ಈ ಡಬ್ಬಿಗೆ ಅಂದಾಜು ಗೊತ್ತಿಲ್ಲ" ಎಂದರು. ಈ ವಿಷಯದಲ್ಲಿ ಆಮೇಲೆ ನಾವು ಓದಿದ ಯಾವ ಪುಸ್ತಕವೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ.

ತಂತಿ ಒಂದೇ ಇರುವಾಗ ಎರಡು ಹೇಗೆ ಹೋಗುತ್ತದೆ ಎಂದು ಉಪ್ಪ ಕೇಳಿದರು. ಅಣ್ಣ ಕಿಟಕಿಯಿಂದ ಹೊರಗೆ ಕೈ ತೋರಿಸಿದರು. ಸಿಲ್ವರ್ ಓಕ್ ಮರ, ಅದರ ಮೈಗೆ ಹಬ್ಬಿದ ಕರಿಮೆಣಸು, ಕೆಳಗೆ ಕಾಫಿ ಗಿಡ. "ಜಾಗ ಒಂದೇ. ಒಬ್ಬೊಬ್ಬರದು ಒಂದೊಂದು ಎತ್ತರ." ನಿಜವಾಗಿಯೂ ಇರುವುದು ಅಷ್ಟೇ. ಮಾತು ತಂತಿಯಲ್ಲಿ 4 ಕಿಲೋಹರ್ಟ್ಸ್‌ಗಿಂತ ಕೆಳಗೆ ಹರಿಯುತ್ತದೆ. ಎಡಿಎಸ್‌ಎಲ್ ಎಂಬ ಹೊಸ ವಿಧಾನ ಸುಮಾರು 25 ಕಿಲೋಹರ್ಟ್ಸ್‌ನಿಂದ ಆರಂಭಿಸಿ 1.1 ಮೆಗಾಹರ್ಟ್ಸ್‌ವರೆಗೆ, ನಮ್ಮ ಕಿವಿಗೆ ಎಟುಕದ ಎತ್ತರದಲ್ಲಿ ಹೋಗುತ್ತದೆ. ಡಯಲ್‌ಅಪ್‌ನ ಹಾಗೆ ಮಾತಿನ ಓಣಿಗೆ ಕಾಲಿಡುವುದಿಲ್ಲ. ಎರಡನ್ನೂ ಬೇರ್ಪಡಿಸಿ ಫೋನಿಗೆ ಫೋನಿನದನ್ನು, ಮೋಡೆಮಿಗೆ ಮೋಡೆಮಿನದನ್ನು ಕೊಡುವುದು ಆ ಬಿಳಿಯ ಸ್ಪ್ಲಿಟರಿನ ಕೆಲಸ. ಸ್ಪ್ಲಿಟರ್ ದಾಟದೆ ಒಂದೇ ಒಂದು ಪ್ಯಾರಲಲ್ ಫೋನು ನೇರವಾಗಿ ತಂತಿಗೆ ತಗುಲಿಕೊಂಡಿದ್ದರೂ ಕೆಟ್ಟಿತು. ಅದನ್ನು ಎತ್ತಿದಾಗಲೆಲ್ಲ ನೆಟ್ ಬೀಳುತ್ತದೆ, ಮಾತಿನ ಹಿಂದೆ ಸುಂಯ್ ಎಂಬ ಸದ್ದು ಕೇಳುತ್ತದೆ.

ಆದ್ದರಿಂದ ಅಣ್ಣ ಮಾಡಿದ ಕೆಲಸ ಹೀಗಿತ್ತು. ಹಳೆಯ ಕವಲುಗಳನ್ನೆಲ್ಲ ಬುಡದಲ್ಲೇ ಕತ್ತರಿಸಿದರು. ತಂತಿ ಮನೆಗೆ ಕಾಲಿಡುವ ಜಾಗದಲ್ಲೇ ಸ್ಪ್ಲಿಟರ್ ಕೂರಿಸಿದರು. ಅದರ ಒಂದು ಬಾಯಿಯಿಂದ ಮೋಡೆಮಿಗೆ ನಡುವೆ ಜಾಯಿಂಟಿಲ್ಲದ ಒಂದೇ ತಂತಿ. ಇನ್ನೊಂದು ಬಾಯಿಯಿಂದ ಮೂರೂ ಫೋನುಗಳು. ಮೋಡೆಮಿನ ಡಿಎಸ್‌ಎಲ್ ದೀಪ ಮಿಣುಕಿ, ತಡೆದು, ಮತ್ತೆ ಮಿಣುಕಿ, ಕೊನೆಗೆ ನಿಂತು ಉರಿಯಿತು. ತಮ್ಮ ಕಂಪ್ಯೂಟರಿನಲ್ಲಿ ಹೆಸರು, ಗುಪ್ತಪದ ತುಂಬಿದ. ಅದು ಹತ್ತು ನಿಮಿಷದ ಕೆಲಸ. ಮನೆಯ ತಂತಿ ಸರಿಮಾಡಲು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು. ನಡುವೆ ಉಮ್ಮ ಅಣ್ಣನಿಗೆ ಬಡಿಸಿದ್ದು ಪತ್ತಿರಿ, ಕೋಳಿ ಸಾರು. ಅದಾದ ಮೇಲೆ ನೆಟ್ ತೆರೆದಿರುವಾಗಲೇ ಉಮ್ಮ ಫೋನೆತ್ತಿ ಪಕ್ಕದ ಮನೆಗೆ ಮಾತಾಡಿದರು. ಎಂಟು ನಿಮಿಷ ಮಾತಾಡಿದರು. ಕಂಪ್ಯೂಟರಿನ ಪರದೆ ಅಲುಗಲಿಲ್ಲ.

2008ರ ರಮಝಾನ್ ಸೆಪ್ಟೆಂಬರಿನಲ್ಲಿ ಬಂತು. ನಮ್ಮ 500 ರೂಪಾಯಿಯ ಯೋಜನೆಯಲ್ಲಿ ಹಗಲು ಬಳಕೆಗೆ ಮಿತಿ, ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಿತಿಯಿಲ್ಲ. ಊರೆಲ್ಲ ಮಲಗಿರುವಾಗ ಎದ್ದು ಕೂರುವ ಈ ಏರ್ಪಾಡು ಬೇರೆಯವರಿಗೆ ಕಷ್ಟ, ಸಹರಿಗೆ ಏಳುವವರಿಗೆ ಅದೇನು ಮಹಾ? ಈಜಿಪ್ಟಿನ ಕಾರಿ ಅಬ್ದುಲ್ ಬಾಸಿತ್ ಅಬ್ದುಸ್ಸಮದ್ ಅವರ ಪಾರಾಯಣದ 114 ಸೂರಾಗಳನ್ನೂ ತಮ್ಮ ಆ ರಾತ್ರಿಗಳಲ್ಲಿ ಇಳಿಸಿ ಸಿಡಿಗಳಲ್ಲಿ ತುಂಬಿದ. ನಾಪೋಕ್ಲುವಿನವರೆಗೆ ಎಷ್ಟೋ ಮನೆಗಳಿಗೆ ಆ ಸಿಡಿಗಳು ಹೋದವು. ಮೋಡೆಮಿನ ಮೇಲೆ ಉಮ್ಮನಿಗಿದ್ದ ಸಿಟ್ಟು ಇಳಿದದ್ದು ಆಗ.

ಮೋಡೆಮಿಗೆ ತನ್ನದೇ ಒಂದು ಪುಟವಿದೆ, ಕಂಪ್ಯೂಟರಿನಲ್ಲಿ 192.168.1.1 ಎಂದು ಬರೆದರೆ ತೆರೆಯುತ್ತದೆ. ತಂತಿಯ ಆರೋಗ್ಯ ಅದರಲ್ಲಿ ಅಂಕಿಗಳಾಗಿ ಕಾಣುತ್ತದೆ. ಎಕ್ಸ್‌ಚೇಂಜ್‌ನಿಂದ ದೂರವಾದಷ್ಟೂ ಸಂಕೇತ ಸೊರಗುತ್ತದೆ. ನಮ್ಮ 3 ಕಿಲೋಮೀಟರಿಗೆ ಅದು 42 ಡೆಸಿಬೆಲ್ ಸೊರಗುತ್ತಿತ್ತು. 60 ದಾಟಿದರೆ ಆಸೆ ಬಿಡಬೇಕು. ಚೆರಿಯಪರಂಬಿನ ಆಚೆ, ಇನ್ನೂ ದೂರದ ತೋಟಗಳಲ್ಲಿದ್ದವರಿಗೆ ಫೋನು ಇದ್ದರೂ ಬ್ರಾಡ್‌ಬ್ಯಾಂಡ್ ಸಿಗದೆ ಹೋದದ್ದು ಈ ಲೆಕ್ಕದಿಂದ. ಇನ್ನೊಂದು ಅಂಕಿ, ಗದ್ದಲಕ್ಕಿಂತ ಸಂಕೇತ ಎಷ್ಟು ಮೇಲಿದೆ ಎಂಬುದು. ಅದು 6ರ ಹತ್ತಿರ ಇಳಿದರೆ ನೆಟ್ ಬೀಳುವ ಸೂಚನೆ. ಮಳೆಗಾಲದಲ್ಲಿ ತಮ್ಮ ದಿನಾ ಅದನ್ನು ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದ.

ಉಮ್ಮನಿಗೆ ಪುಟ ಬೇಕಿರಲಿಲ್ಲ. ರಿಸೀವರ್ ಎತ್ತಿ ಡಯಲ್ ಟೋನ್ ಕೇಳಿದರೆ ಸಾಕು. "ಇವತ್ತು ಕರಕರ ಇದೆ" ಎಂದರೆ ಎಲ್ಲೋ ಜಾಯಿಂಟಿಗೆ ನೀರು ಹೋಗಿದೆ. "ದೂರದಿಂದ ಕೂಗಿದ ಹಾಗಿದೆ" ಎಂದರೆ ಎಲ್ಲೋ ಸಡಿಲವಾಗಿದೆ. "ಬೇರೆಯವರ ಮಾತು ಕೇಳುತ್ತಿದೆ" ಎಂದರೆ ಪಕ್ಕದ ಜೋಡಿಯ ತಂತಿ ತಗುಲಿದೆ. ತಮ್ಮನ ಕ್ಯಾಲೆಂಡರಿನ ಅಂಕಿ ಇಳಿದ ದಿನಗಳಿಗೂ ಉಮ್ಮನ ಕರಕರಕ್ಕೂ ತಾಳೆ ಹಾಕಿದರೆ ಒಂದೇ ಲೆಕ್ಕ ಬರುತ್ತಿತ್ತು. ಹತ್ತು ವರ್ಷ ಮಗನ ದನಿಗಾಗಿ ಆ ತಂತಿಗೆ ಕಿವಿಗೊಟ್ಟವರು ಅವರು. ಲೈನ್‌ಮನ್ ಅಣ್ಣನಿಗೂ ಇದು ತಿಳಿದಿತ್ತು. ಪಕ್ಕದ ಮನೆಯಿಂದ 198ಕ್ಕೆ ದೂರು ಬರೆಸಿದ ಮೇಲೆ ಅವರು ಬಂದರೆ ಮೊದಲ ಪ್ರಶ್ನೆ, "ಉಮ್ಮ, ಸದ್ದು ಹೇಗಿತ್ತು?"

ಒಂದು ಜುಲೈ ತಿಂಗಳಲ್ಲಿ ವಿಚಿತ್ರವೊಂದು ನಡೆಯಿತು. ಫೋನು ಸತ್ತುಹೋಯಿತು, ನೆಟ್ ಮಾತ್ರ ಬದುಕಿತ್ತು. ಕುಂಟುತ್ತ ನಡೆಯುತ್ತಿತ್ತು. ಒಂದೇ ತಂತಿಯಲ್ಲಿ ಒಂದು ಸತ್ತು ಇನ್ನೊಂದು ಹೇಗೆ ಬದುಕುತ್ತದೆ ಎಂದು ಎಲ್ಲರಿಗೂ ಬೆರಗು. ಅಣ್ಣ ಬಂದು ಕಂಬ ಹತ್ತಿ ನೋಡಿ ಹೇಳಿದರು, ಜೋಡಿಯಲ್ಲಿ ಒಂದು ಎಳೆ ಕಡಿದಿದೆ. ಫೋನಿಗೆ ಎಕ್ಸ್‌ಚೇಂಜ್‌ನಿಂದ ಬರುವ ಕರೆಂಟು ಒಂದು ಎಳೆಯಲ್ಲಿ ಬಂದು ಇನ್ನೊಂದರಲ್ಲಿ ಹಿಂತಿರುಗಬೇಕು, ದಾರಿ ಮುರಿದರೆ ಫೋನಿಲ್ಲ. ನೆಟ್ಟಿನ ಸಂಕೇತ ಎಷ್ಟು ಎತ್ತರದ್ದೆಂದರೆ ಕಡಿದ ಎಳೆಯ ಸಣ್ಣ ಬಿರುಕನ್ನೂ ಅಷ್ಟಿಷ್ಟು ಹಾರಿ ದಾಟಿಬಿಡುತ್ತದೆ. ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆಯಂತೆ. ಮೂಲ ಕಾರಣ, ಮೇಲಿನ ತೋಟದಲ್ಲಿ ಮರ ಕಪಾತು ಮಾಡುವಾಗ ಬಿದ್ದ ಒಂದು ಕೊಂಬೆ. ನಮ್ಮ ತಂತಿ ಮನೆ ತಲುಪುವ ಮೊದಲು ಕೊಡವರ ಒಂದು ತೋಟ, ಅರೆಭಾಷೆ ಗೌಡರ ಒಂದು, ಮತ್ತೆ ನಮ್ಮವರದೇ ಎರಡು ತೋಟಗಳನ್ನು ದಾಟಿ ಬರಬೇಕು. ಆ ಮೇಲಿನ ತೋಟದವರು ಮರುವರ್ಷದಿಂದ ಕಪಾತಿನ ಹಿಂದಿನ ದಿನ ಆಳನ್ನು ಕಳಿಸಿ ಹೇಳತೊಡಗಿದರು. ತಂತಿಯನ್ನು ಹಗ್ಗದಲ್ಲಿ ಬದಿಗೆಳೆದು ಕಟ್ಟಲು ನಮ್ಮ ಮನೆಯಿಂದ ಒಬ್ಬರು ಹೋಗುತ್ತಿದ್ದರು.

ಗುಡುಗಿನ ಕಾಟ ಬೇರೆ. ಕೊಡಗಿನಲ್ಲಿ ಮಳೆಗಿಂತ ಮೊದಲು, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ಹೆಚ್ಚು. ಕಿಲೋಮೀಟರುಗಟ್ಟಲೆ ಬಯಲಲ್ಲಿ ಓಡುವ ತಂತಿ ಅದಕ್ಕೊಂದು ಹೆದ್ದಾರಿ. ಮನೆಯ ಕರೆಂಟು ಆರಿಸಿದರೆ ಸಾಲದು, ಫೋನಿನ ಪಿನ್ನನ್ನೂ ಕಿತ್ತಿಡಬೇಕು. ನಮ್ಮ ಕಡೆ ಸಿಡಿಲಿಗೆ ಸುಟ್ಟ ಮೋಡೆಮುಗಳನ್ನು ಎಣಿಸಿದವರಿಲ್ಲ. ನಮ್ಮದೂ ಎರಡು ಹೋದವು.

ಈಗ ಹೇಳಬೇಕಾದದ್ದು ಕರೆಂಟಿನ ಸಂಗತಿ. ಹಳೆಯ ಫೋನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜ್‌ನ ಬ್ಯಾಟರಿಗಳಿಂದ 48 ವೋಲ್ಟು ಅದೇ ತಂತಿಯಲ್ಲಿ ಬರುತ್ತಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ತೋಟಗಳಲ್ಲಿ ಮರ ಬಿದ್ದು ಮೂರು ದಿನ, ಒಂದು ವಾರ ಕತ್ತಲಾಗುವುದು ಹೊಸತಲ್ಲ. ಆ ಕತ್ತಲಲ್ಲೂ ರಿಸೀವರ್ ಎತ್ತಿದರೆ ಟೋನ್ ಇರುತ್ತಿತ್ತು. ಅಟ್ಟದಲ್ಲಿ ತಂತಿ ಹಿಡಿದಿರುವಾಗ ರಿಂಗಾದರೆ ಕೈಗೆ ಜುಂ ಎನ್ನುತ್ತಿತ್ತು, ಅಷ್ಟು ಜೀವ ಅದರಲ್ಲಿ. ಮೋಡೆಮ್ ಹಾಗಲ್ಲ, ಮನೆಯ ಕರೆಂಟು ಹೋದರೆ ಅದೂ ಹೋಯಿತು. ತಮ್ಮ ಹಳೆಯ ಬೈಕಿನ 12 ವೋಲ್ಟ್ ಬ್ಯಾಟರಿಯೊಂದಕ್ಕೆ ಅದನ್ನು ತಗುಲಿಸಿದ್ದ. ಒಂದು ಸಂಜೆಗೆ ಸಾಕಾಗುತ್ತಿತ್ತು.

2018ರ ಆಗಸ್ಟ್. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಆ ವಾರ ನಮ್ಮ ಕಡೆ ಗುಡ್ಡ ಜಾರಲಿಲ್ಲ, ಕಾವೇರಿ ಮಾತ್ರ ಗದ್ದೆಗಳನ್ನು ನುಂಗಿ ರಸ್ತೆಗೆ ಬಂದಿದ್ದಳು. ಕರೆಂಟು ಹೋದ ಮರುದಿನ ಮೊಬೈಲ್ ಟವರ್ ಸತ್ತಿತು. ಕೈಯಲ್ಲಿದ್ದ ಐದು ಮೊಬೈಲುಗಳೂ ಆಟಿಕೆಗಳಾದವು. ಜಗಲಿಯ ಹಳೆಯ ಫೋನಿನಲ್ಲಿ ಮೂರು ದಿನ ಟೋನ್ ಇತ್ತು. ಆ ಮೂರು ದಿನ ನಮ್ಮ ಮನೆ ಸುತ್ತಲಿನ ಇಪ್ಪತ್ತು ಮನೆಗಳಿಗೆ ಬೂತಾಯಿತು. ಲೈನ್‌ಮನೆಗಳ ಕೆಲಸಗಾರರು ಅಸ್ಸಾಮಿಗೆ ಕರೆ ಮಾಡಿದರು. ಮಕ್ಕಂದೂರಿನ ಕಡೆ ಮಗಳನ್ನು ಕೊಟ್ಟಿದ್ದ ಮೇಲಿನ ತೋಟದವರು ನೀರಲ್ಲಿ ನಡೆದು ಬಂದು ಒಂದೇ ನಂಬರನ್ನು ಮತ್ತೆ ಮತ್ತೆ ತಿರುಗಿಸಿದರು. ಎರಡನೆಯ ದಿನ ಮಡಿಕೇರಿಯ ಪರಿಹಾರ ಕೇಂದ್ರದಿಂದ ಮಗಳೇ ನಮ್ಮ ನಂಬರಿಗೆ ಕರೆ ಮಾಡಿದಳು. ಫೋನೆತ್ತಿದ್ದು ಉಮ್ಮ. ಕರಕರದ ನಡುವೆ ಹೆಸರು ಹಿಡಿದುಕೊಂಡವರೂ ಅವರೇ.

ಅದು ತಾಮ್ರದ ತಂತಿಯ ಕೊನೆಯ ದೊಡ್ಡ ಉಪಕಾರ. ನಮ್ಮ ಲೈನ್‌ಮನ್ ಅಣ್ಣ ಅಷ್ಟರಲ್ಲಿ ನಿವೃತ್ತರಾಗಿದ್ದರು. 2020ರ ಜನವರಿ 31ರಂದು ಒಂದೇ ದಿನ ದೇಶಾದ್ಯಂತ 78 ಸಾವಿರಕ್ಕೂ ಹೆಚ್ಚು ಬಿಎಸ್‌ಎನ್‌ಎಲ್ ನೌಕರರು ಸ್ವಯಂನಿವೃತ್ತಿ ಪಡೆದರು. ತಂತಿಯನ್ನು ಬೆರಳಿನಿಂದ ಬಲ್ಲವರ ತಲೆಮಾರು ಹೀಗೆ ಕಂಬಗಳಿಂದ ಇಳಿಯಿತು. ಎರಡು ತಿಂಗಳಲ್ಲಿ ಕೊರೋನಾ, ಲಾಕ್‌ಡೌನ್, ಆನ್‌ಲೈನ್ ಪಾಠ. ಕೊಡಗಿನ ಮಕ್ಕಳು ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದರು. ಶನಿವಾರಸಂತೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್ ಸಿಗುವ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಅಲ್ಲಿಂದ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂತು. ಜನ ಅದನ್ನು ಸಾಹಸವೆಂದು ಹೊಗಳಿದರು. ಹೌದು, ಸಾಹಸವೇ. ಮನೆ ಮನೆಗೆ ಹೋಗಿದ್ದ ತಂತಿಗಳ ನೆನಪಿರುವ ನಮಗೆ ಆ ಚಿತ್ರ ನೋಡಿ ಹೊಗಳಲು ಬಾಯಿ ಬರಲಿಲ್ಲ.

2022ರಲ್ಲಿ ನಮ್ಮ ಮನೆಗೆ ಫೈಬರ್ ಬಂತು. ಕೇಬಲ್ ಟಿವಿಯ ಹುಡುಗನೇ ವಿದ್ಯುತ್ ಕಂಬಗಳ ಮೇಲಿಂದ ಎಳೆದು ತಂದ. ದೂರದಿಂದ ಸೊರಗುವ ಹಳೆಯ ಲೆಕ್ಕ ಇದಕ್ಕಿಲ್ಲ, ಚೆರಿಯಪರಂಬಿನ ಆಚೆಯವರಿಗೂ ಸಿಗುತ್ತದೆ. ಗಾಜಿನ ಎಳೆಯಾದ್ದರಿಂದ ಸಿಡಿಲು ಅದರಲ್ಲಿ ಓಡಿ ಬರುವುದಿಲ್ಲ. ಇಕ್ಕನ ಮಕ್ಕಳ ಮುಖ ಎಲ್ಲೂ ತಡೆಯದೆ ಕಾಣುತ್ತದೆ. ಇದನ್ನೆಲ್ಲ ಒಪ್ಪಿಕೊಳ್ಳದೆ ಹಳೆಯದೇ ಚೆಂದ ಎಂದು ಹಾಡುವವರ ಪೈಕಿ ನಾವಲ್ಲ. ಹಳೆಯ ನಂಬರು ಉಳಿಯಿತು, ಫೋನನ್ನು ಹೊಸ ಡಬ್ಬಿಯ ಹಿಂದಿನ ತೂತಿಗೆ ಚುಚ್ಚಿದ್ದಾಯಿತು. ಆದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಆ ನಂಬರೂ ಮುಗಿಯಿತು. 2018ರ ಹಾಗೊಂದು ವಾರ ಮತ್ತೆ ಬಂದರೆ ಮೇಲಿನ ತೋಟದವರು ಯಾರ ಮನೆಗೆ ನಡೆದು ಹೋಗಬೇಕು? ಪಂಚಾಯಿತಿಯ ಸಭೆಯಲ್ಲಿ ನಾವು ಇದನ್ನು ಕೇಳಿದ್ದೇವೆ. ಊರಿಗೊಂದಾದರೂ ಸೋಲಾರಿನಲ್ಲಿ ನಡೆಯುವ ಫೋನು ಮಸೀದಿಯಲ್ಲೋ ಶಾಲೆಯಲ್ಲೋ ಇರಲಿ ಎಂದು ಬರೆದು ಕೊಟ್ಟಿದ್ದೇವೆ. ನಾವಿರುವ ಕಡೆ ಇದು ದೊಡ್ಡ ಬೇಡಿಕೆಯಲ್ಲ.

ಮೊನ್ನೆ ಜೂನ್‌ನಲ್ಲಿ ಫೈಬರ್ ನಿಧಾನವಾಯಿತೆಂದು ಹುಡುಗ ಬಂದಿದ್ದ. ಉಮ್ಮ ಅಭ್ಯಾಸದಂತೆ ರಿಸೀವರ್ ಎತ್ತಿ ಕಿವಿಗಿಟ್ಟರು. "ಸದ್ದು ಚೆನ್ನಾಗೇ ಇದೆಯಲ್ಲ ಮೋನೆ." ಅವನು ನಕ್ಕ. ಇದರಲ್ಲಿ ಕರಕರ ಇರುವುದಿಲ್ಲ ಉಮ್ಮ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದ. ಆಮೇಲೆ ಕೈಯಲ್ಲಿದ್ದ ಪುಟ್ಟ ಮೀಟರಿಗೆ ಎಳೆಯ ತುದಿ ಸಿಕ್ಕಿಸಿ, ಕನ್ನಡಕ ಹಾಕಿಕೊಳ್ಳುವವರೆಗೆ ಕಾದು, ಅವರ ಮುಂದೆ ಹಿಡಿದ. ಮೈನಸ್ 26.

"ಎಷ್ಟಿರಬೇಕು?"

"20ರ ಹತ್ತಿರ ಇದ್ದರೆ ಒಳ್ಳೆಯದು. 27 ದಾಟಿದರೆ ಹೋಯಿತು. ಎಲ್ಲೋ ಮಡಚಿಕೊಂಡಿರಬೇಕು."

"ಮೇಲಿನ ತೋಟದಲ್ಲಿ ನೋಡು. ನಿನ್ನೆ ಕೊಂಬೆ ಬಿದ್ದ ಸದ್ದು ಕೇಳಿತ್ತು" ಎಂದರು ಉಮ್ಮ. ಹುಡುಗ ಏಣಿ ಹೊತ್ತು ಹೋದ.